ಮಗುವಿನ ಕುತ್ತಿಗೆಯಲ್ಲಿ ಗಂಟು: ಆಪರೇಷನ್‌ಗೆ ಮೊದಲು ಕೇಳಬೇಕಾದ ಒಂದು ಪ್ರಶ್ನೆ

ಮಗುವಿನ ಕುತ್ತಿಗೆಯ ಮಧ್ಯದಲ್ಲಿ ಸಣ್ಣ ಗಂಟು ಕಂಡರೆ ಸಾಕು, ಮನೆಯವರ ಫೋನಿಗೆ ಸಲಹೆಗಳು ಬರತೊಡಗುತ್ತವೆ. ‘ಅದು ಗಳಗಂಡ, ಅಯೋಡಿನ್ ಉಪ್ಪು ಕೊಡಿ’ ಎನ್ನುತ್ತಾರೆ ಕೆಲವರು. ‘ನೀರುಗಂಟು, ಬೇಗ ತೆಗೆಸಿಬಿಡಿ’ ಎನ್ನುತ್ತಾರೆ ಇನ್ನು ಕೆಲವರು. ಎರಡೂ ಸಲಹೆಗಳು ಒಂದು ಮುಖ್ಯ ಪ್ರಶ್ನೆಯನ್ನು ಮರೆಯುತ್ತವೆ: ಮಗುವಿನ ಥೈರಾಯ್ಡ್ ಗ್ರಂಥಿ ತನ್ನ ಜಾಗದಲ್ಲಿ ಇದೆಯೇ?

ಥೈರಾಯ್ಡ್ ಜಾಗ ತಪ್ಪುವುದು ಹೇಗೆ?

ಗರ್ಭದಲ್ಲಿರುವ ಮಗುವಿನಲ್ಲಿ ಥೈರಾಯ್ಡ್ ಹುಟ್ಟುವುದು ನಾಲಿಗೆಯ ಬುಡದಲ್ಲಿ. ಅಲ್ಲಿಂದ ನಿಧಾನವಾಗಿ ಕೆಳಗಿಳಿದು, ಸುಮಾರು 7ನೇ ವಾರದ ಹೊತ್ತಿಗೆ ಶ್ವಾಸನಾಳದ ಮುಂದೆ ಬಂದು ನೆಲೆಸುತ್ತದೆ. ಅಪರೂಪಕ್ಕೆ ಅದು ಪೂರ್ತಿ ಇಳಿಯುವುದಿಲ್ಲ. ಹೆಚ್ಚಿನ ಸಲ ನಾಲಿಗೆಯ ಬುಡದಲ್ಲೇ ಉಳಿಯುತ್ತದೆ. ಕೆಲವೊಮ್ಮೆ ಕುತ್ತಿಗೆಯಲ್ಲಿ ನಿಂತು ಗಂಟಿನಂತೆ ಕಾಣಿಸುತ್ತದೆ.

ಮುಟ್ಟಿ ನೋಡಿ ಹೇಳಬಹುದೇ?

ಖಚಿತವಾಗಿ ಹೇಳಲಾಗದು. ಮಕ್ಕಳ ಕುತ್ತಿಗೆಯ ಮಧ್ಯದಲ್ಲಿ ಹೆಚ್ಚಾಗಿ ಕಾಣುವುದು ಥೈರಾಯ್ಡ್ ಇಳಿದು ಬಂದ ದಾರಿ ಪೂರ್ತಿ ಮುಚ್ಚದೆ ಉಳಿದಾಗ ಆಗುವ ನೀರುಗಂಟು. ಉಗುಳು ನುಂಗಿದಾಗ, ನಾಲಿಗೆ ಚಾಚಿದಾಗ ಅದು ಮೇಲೇಳುತ್ತದೆ. ಜಾಗ ತಪ್ಪಿದ ಥೈರಾಯ್ಡ್ ಕೂಡ ಹಾಗೆಯೇ ಕಾಣಬಹುದು.

ತೆಗೆದರೆ ಏನಾಗುತ್ತದೆ?

ಇಂಥ ಅನೇಕ ಮಕ್ಕಳಿಗೆ ಆ ಗಂಟೇ ಇರುವ ಒಂದೇ ಥೈರಾಯ್ಡ್. ಅದನ್ನು ತೆಗೆದರೆ ಹಾರ್ಮೋನ್ ಉತ್ಪಾದನೆ ನಿಲ್ಲುತ್ತದೆ. ಮಗು ಜೀವನಪೂರ್ತಿ ದಿನವೂ ಮಾತ್ರೆ ತೆಗೆದುಕೊಳ್ಳಬೇಕು. ಇದು ಗೊತ್ತಾಗದೆ ಹೋದರೆ ಮಗುವಿನ ಬೆಳವಣಿಗೆಯೇ ಕುಂಠಿತವಾಗುತ್ತದೆ.

ಪತ್ತೆ ಹೇಗೆ?

ಮೊದಲು ಕುತ್ತಿಗೆಯ ಅಲ್ಟ್ರಾಸೌಂಡ್. ಇದರಲ್ಲಿ ನೋವಿಲ್ಲ, ವಿಕಿರಣವೂ ಇಲ್ಲ. ಗಂಟನ್ನಷ್ಟೇ ಅಲ್ಲ, ಥೈರಾಯ್ಡ್ ಅದರ ಜಾಗದಲ್ಲಿ ಇದೆಯೇ ಎಂಬುದನ್ನೂ ನೋಡಬೇಕು. ಟಿಎಸ್‌ಎಚ್ ರಕ್ತಪರೀಕ್ಷೆಯಿಂದ ಹಾರ್ಮೋನ್ ಸಾಕಷ್ಟಿದೆಯೇ ಎಂದು ತಿಳಿಯುತ್ತದೆ. ಗ್ರಂಥಿ ಜಾಗದಲ್ಲಿ ಕಾಣದಿದ್ದರೆ ಥೈರಾಯ್ಡ್ ಸ್ಕ್ಯಾನ್ ಮಾಡುತ್ತಾರೆ. ಅತ್ಯಲ್ಪ ಪ್ರಮಾಣದ ವಿಕಿರಣಶೀಲ ವಸ್ತುವನ್ನು ಥೈರಾಯ್ಡ್ ಹೀರಿಕೊಳ್ಳುವುದರಿಂದ, ಅದು ಎಲ್ಲಿದೆ ಎಂದು ಚಿತ್ರದಲ್ಲಿ ಕಾಣುತ್ತದೆ.

ಚಿಕಿತ್ಸೆ ಏನು?

ಹಾರ್ಮೋನ್ ಕಡಿಮೆಯಿದ್ದರೆ ಲೆವೊಥೈರಾಕ್ಸಿನ್ ಮಾತ್ರೆ ಕೊಡುತ್ತಾರೆ. ಇದರಿಂದ ಗಂಟಿನ ಗಾತ್ರವೂ ಕಡಿಮೆಯಾಗಬಹುದು. ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಉಸಿರಾಟಕ್ಕೆ, ನುಂಗಲು ತೊಂದರೆಯಾದರೆ ಅಥವಾ ರಕ್ತ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಅಯೋಡಿನ್ ಉಪ್ಪು?

ಅಯೋಡಿನ್ ಕೊರತೆಯಿಂದ ಬರುವ ಗಳಗಂಡವನ್ನು ಅದು ತಡೆಯುತ್ತದೆ, ಬಳಸುತ್ತಲೇ ಇರಿ. ಆದರೆ ಜಾಗ ತಪ್ಪಿದ ಗ್ರಂಥಿಯನ್ನು ಅದು ಸರಿಯಾದ ಜಾಗಕ್ಕೆ ತರಲಾರದು.

ನಾವು ಹೇಳುವುದಿಷ್ಟು: ಇಂಥ ಗಂಟುಗಳಲ್ಲಿ ಹೆಚ್ಚಿನವು ಜಾಗ ತಪ್ಪಿದ ಥೈರಾಯ್ಡ್ ಅಲ್ಲ, ಹಾಗಾಗಿ ಗಾಬರಿ ಬೇಡ. ಆದರೆ ಆಪರೇಷನ್‌ಗೆ ಒಪ್ಪುವ ಮೊದಲು ವೈದ್ಯರನ್ನು ಕೇಳಿ: ‘ಥೈರಾಯ್ಡ್ ಅದರ ಜಾಗದಲ್ಲಿ ಇರುವುದನ್ನು ನೋಡಿದ್ದೀರಾ?’ ಫಾರ್ವರ್ಡ್ ಮಾಡುವುದಾದರೆ ಈ ಪ್ರಶ್ನೆಯನ್ನೇ ಮಾಡಿ.