ಕಾವಲಿಯ ಮೇಲೆ ಹಂದಿಮಾಂಸ

ಶಿವಮೊಗ್ಗೆಯ ಗಾಂಧಿ ಬಜಾರಿನಂತಹ ಪೇಟೆಯಲ್ಲಿ ಕೊಳ್ಳುವ ದಪ್ಪನೆಯ ಕಬ್ಬಿಣದ ಕಾವಲಿಯು ಒಂದು ಪುಟ್ಟ ರಸಾಯನ ಶಾಲೆಯೇ ಸರಿ. ಮಲೆನಾಡಿನಲ್ಲೂ ಕೊಡಗಿನಲ್ಲೂ ಪ್ರಿಯವಾದ ಹಂದಿಮಾಂಸದ ತುಂಡನ್ನು ಅದರ ಮೇಲೆ ಹುರಿಯುವಾಗ ಎರಡು ಕಾರ್ಯಗಳು ನಡೆಯುತ್ತವೆ.

ಮೊದಲನೆಯದು ಹೊರಮೈಯಲ್ಲಿ. ಉಷ್ಣತೆಯು ಸುಮಾರು 140 ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ ಅಮೈನೋ ಆಮ್ಲಗಳೂ ಸಕ್ಕರೆಗಳೂ ವೇಗವಾಗಿ ಸಂಯೋಗಗೊಂಡು ಕಂದುಬಣ್ಣವನ್ನೂ ಸುವಾಸನೆಯನ್ನೂ ಕೊಡುತ್ತವೆ. ಫ್ರೆಂಚ್ ವಿಜ್ಞಾನಿ ಮೈಯಾರ್ 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದನು. ನೀರು 100 ಡಿಗ್ರಿಯಲ್ಲೇ ಆವಿಯಾಗುವುದರಿಂದ ಒದ್ದೆ ಮಾಂಸವು ಬೇಯುವುದೇ ಹೊರತು ಕೆಂಪಗಾಗದು. ಆದುದರಿಂದ ಮೊದಲು ತೇವವನ್ನು ಒರಸಬೇಕು.

ಎರಡನೆಯದು ಒಳಗೆ. ಮಾಂಸದಲ್ಲಿ ಉಷ್ಣವು ನಿಧಾನವಾಗಿ ಸಾಗುವುದರಿಂದ, ಹೊರಗಿನ ಬಣ್ಣ ಕಂಡು ಒಳಗೂ ಬೆಂದಿತೆಂದು ನಂಬಲಾಗದು. ಅರೆಬೆಂದ ಹಂದಿಮಾಂಸದಲ್ಲಿ ಲಾಡಿಹುಳುವಿನ ಮರಿಕೋಶಗಳು ಬದುಕಿ ಉಳಿಯಬಹುದು. ತಿಂದವನ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಅದರ ಮೊಟ್ಟೆಗಳು ಮಲದೊಡನೆ ಹೊರಬಿದ್ದು, ಕೊಳಕು ಕೈ, ನೀರು, ತರಕಾರಿಗಳ ಮೂಲಕ ಇನ್ನೊಬ್ಬರ ಹೊಟ್ಟೆ ಸೇರಿದರೆ, ಮರಿಗಳು ಮಿದುಳಿನಲ್ಲಿ ಕೋಶಗಟ್ಟಿ ಮೂರ್ಛೆರೋಗವನ್ನು ತರಬಲ್ಲವು. ಸಸ್ಯಾಹಾರಿಯೂ ಇದಕ್ಕೆ ಹೊರತಲ್ಲ.

ಇಡೀ ತುಂಡಿನ ನಡುಭಾಗವು 63 ಡಿಗ್ರಿ ಮುಟ್ಟಿದ ಮೇಲೆ 3 ನಿಮಿಷ ಬಿಟ್ಟರೆ ಸಾಕೆಂದು ಅಮೆರಿಕದ ಕೃಷಿ ಇಲಾಖೆಯು 2011ರಲ್ಲಿ ಸೂಚಿಸಿತು. ಅದಕ್ಕಿಂತ ಬಹಳ ಹೆಚ್ಚಾದರೆ ಸ್ನಾಯುತಂತುಗಳು ಕುಗ್ಗಿ ರಸವನ್ನು ಹಿಂಡಿಬಿಡುತ್ತವೆ. ಆದುದರಿಂದ ಉರಿಯು ಮೊದಲು ಜೋರಾಗಿರಲಿ. ಬಣ್ಣ ಬಂದ ಮೇಲೆ ಮಂದವಾಗಿರಲಿ.