ಗೆಳತಿಯರು ಜೊತೆಗಿದ್ದರೆ ಹತ್ತು ಕಿಲೋಮೀಟರ್ ಏನು ಮಹಾ?

“ಓಟವೇ? ನಾವೇ? ಬೆಳಗಿನಿಂದ ರಾತ್ರಿಯವರೆಗೆ ಮನೆಯಲ್ಲಿ ಓಡ್ತಾನೇ ಇರ್ತೀವಲ್ಲ, ಅದು ಸಾಲದೇನ್ರೀ?” ಎಂದು ನಗುವ ಗೃಹಿಣಿಯರೇ ಹೆಚ್ಚು. ನಿಜ. ಹಾಲು ಉಕ್ಕುವ ಮುನ್ನ ಒಲೆಯ ಬಳಿಗೆ, ಶಾಲೆಯ ಬಸ್ಸು ಹೊರಡುವ ಮುನ್ನ ಬೀದಿಗೆ, ನೀರು ನಿಲ್ಲುವ ಮುನ್ನ ನಲ್ಲಿಯ ಹತ್ತಿರಕ್ಕೆ ಓಟ ತಪ್ಪಿದ್ದಲ್ಲ. ಆದರೆ ಆ ಓಟವೆಲ್ಲ ಮನೆಯವರ ಸಲುವಾಗಿ. ನಮ್ಮ ಮೈ ಮನಸ್ಸಿನ ಸಲುವಾಗಿಯೇ ಓಡುವ ಓಟವೂ ಒಂದಿದೆ. ಒಬ್ಬಳೇ ಹೊರಟರೆ ನಾಲ್ಕು ದಿನಕ್ಕೆ ನಿಂತುಹೋಗುತ್ತದೆ. ಗೆಳತಿಯರು ಸೇರಿದರೆ ಮುಂದುವರಿಯುತ್ತದೆ.

ಬೆಂಗಳೂರಿನಲ್ಲಿ 2008ರಲ್ಲಿ ಹತ್ತು ಕಿಲೋಮೀಟರಿನ ದೊಡ್ಡ ಓಟ ಆರಂಭವಾಯಿತು. ಇಂದು ಅನೇಕ ಜಿಲ್ಲಾ ಕೇಂದ್ರಗಳಲ್ಲೂ ಐದು, ಹತ್ತು ಕಿಲೋಮೀಟರಿನ ಓಟಗಳು ನಡೆಯುತ್ತವೆ. ಅಲ್ಲಿ ಸೀರೆಯುಟ್ಟ ಅತ್ತೆಯರನ್ನೂ ಚೂಡಿದಾರದ ಸೊಸೆಯರನ್ನೂ ಕಾಣಬಹುದು.

ಆಗದು ಎಂದವರಿಗೆ ಉತ್ತರ

ದೂರದ ಓಟ ಹೆಣ್ಣಿನ ಮೈಗೆ ಒಗ್ಗದು ಎಂಬ ಮಾತು ಬಹಳ ಹಳೆಯದು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರು 800 ಮೀಟರ್ ಓಡಿ ದಣಿದರೆಂದು ಗುಲ್ಲೆಬ್ಬಿಸಿ, ಆ ಓಟವನ್ನೇ ತೆಗೆದುಹಾಕಿದರು. ಅದು ಮತ್ತೆ ಬಂದದ್ದು 1960ರಲ್ಲಿ.

1967ರಲ್ಲಿ ಅಮೆರಿಕದ ಕ್ಯಾಥರೀನ್ ಸ್ವಿಟ್ಜರ್ ಎಂಬ ಇಪ್ಪತ್ತರ ಯುವತಿ ಬಾಸ್ಟನ್ ಮ್ಯಾರಥಾನ್ ಓಡುವ ಆಸೆ ಹೇಳಿಕೊಂಡಾಗ, ಅವಳ ತರಬೇತುದಾರರೇ ಮೊದಲು ನಂಬಲಿಲ್ಲ. ಅಭ್ಯಾಸದಲ್ಲಿ ಓಡಿ ತೋರಿಸಿದರೆ ತಾವೇ ಕರೆದೊಯ್ಯುವುದಾಗಿ ಹೇಳಿದರು. ಆಕೆ 31 ಮೈಲಿ ಓಡಿ ತೋರಿಸಿದಳು! ಮ್ಯಾರಥಾನ್ ಇರುವುದು 42.195 ಕಿಲೋಮೀಟರ್, ಅಂದರೆ ಸುಮಾರು 26 ಮೈಲಿ ಮಾತ್ರ. ಸ್ಪರ್ಧೆಯ ದಿನ ಅಧಿಕಾರಿಯೊಬ್ಬರು ಓಟದ ನಡುವೆಯೇ ಆಕೆಯನ್ನು ಹಿಡಿದು, ಅಂಗಿಯ ಮೇಲಿನ ಸಂಖ್ಯೆಯನ್ನು ಕಿತ್ತುಕೊಳ್ಳಲು ನೋಡಿದರು. ಜೊತೆಯಲ್ಲಿ ಓಡುತ್ತಿದ್ದ ಗೆಳೆಯ ಅವರನ್ನು ಪಕ್ಕಕ್ಕೆ ತಳ್ಳಿದ. ಆಕೆ ಓಟ ಮುಗಿಸಿದಳು. ಐದು ವರ್ಷಗಳ ನಂತರ, 1972ರಲ್ಲಿ, ಬಾಸ್ಟನ್ ಮಹಿಳೆಯರಿಗೆ ಅಧಿಕೃತವಾಗಿ ಬಾಗಿಲು ತೆರೆಯಿತು. ಆ ವರ್ಷ ಓಡಿದ ಎಂಟು ಮಹಿಳೆಯರಲ್ಲಿ ಎಂಟೂ ಮಂದಿ ಗುರಿ ಮುಟ್ಟಿದರು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಬಂದದ್ದು 1984ರಲ್ಲಿ.

ಸ್ವಿಟ್ಜರ್ ಓಡಿದ್ದು ತನ್ನ ಕಾಲ ಬಲದಿಂದಲೇ. ಆದರೆ ಪಕ್ಕದಲ್ಲಿ ತನ್ನವರಿದ್ದದ್ದು ಸಣ್ಣ ಮಾತಲ್ಲ. “ಜನ ಏನಂತಾರೋ” ಎಂಬ ಅಳುಕು ನಮ್ಮ ಬೀದಿಗಳಲ್ಲೂ ಇದೆ. ಒಬ್ಬಳು ಓಡಿದರೆ ನೋಡುವ ಕಣ್ಣುಗಳು, ನಾಲ್ವರು ಓಡಿದರೆ ದಾರಿ ಬಿಡುತ್ತವೆ.

ಮೊದಲು ರಕ್ತ ಪರೀಕ್ಷೆ

ಬೂಟು ಕೊಳ್ಳುವ ಮುನ್ನ ವೈದ್ಯರನ್ನು ಕಾಣಿರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಬೇಗ ಏದುಸಿರು ಬರುತ್ತದೆ, ಸುಸ್ತಾಗುತ್ತದೆ. ಅದನ್ನು “ವಯಸ್ಸಾಯ್ತು” ಎಂದು ತಳ್ಳಿಹಾಕಬೇಡಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂಡಿನೋವು ಇದ್ದವರು ವೈದ್ಯರನ್ನು ಕೇಳಿಯೇ ಹೊರಡಬೇಕು.

ಮಾತಾಡುತ್ತಾ ಓಡಿ

ಮೊದಲ ವಾರಗಳಲ್ಲಿ ವಾರಕ್ಕೆ ಮೂರು ದಿನ, ಅರ್ಧ ಗಂಟೆ ಸಾಕು. ಒಂದು ನಿಮಿಷ ನಿಧಾನ ಓಟ, ಎರಡು ನಿಮಿಷ ನಡಿಗೆ. ಹೀಗೆ ಹತ್ತು ಸಲ. ಒಗ್ಗಿದಂತೆ ಓಟವನ್ನು ಹೆಚ್ಚಿಸಿ, ನಡಿಗೆಯನ್ನು ಕಡಿಮೆ ಮಾಡಿ. ಮೂರು-ನಾಲ್ಕು ತಿಂಗಳಲ್ಲಿ ಹತ್ತು ಕಿಲೋಮೀಟರ್ ಕೈಗೆಟುಕುತ್ತದೆ. ನಡುನಡುವೆ ನಡೆದರೂ ಅವಮಾನವೇನಿಲ್ಲ.

ವೇಗ ಸರಿಯಾಗಿದೆಯೇ ಎಂದು ತಿಳಿಯಲು ಗಡಿಯಾರ ಬೇಡ, ಗೆಳತಿ ಸಾಕು. ಓಡುತ್ತಲೇ ಆಕೆಗೆ “ನಿನ್ನೆ ನಮ್ಮನೇಲಿ ಏನಾಯ್ತು ಗೊತ್ತಾ?” ಎಂದು ಪೂರ್ತಿ ವಾಕ್ಯ ಹೇಳಲು ಸಾಧ್ಯವಾದರೆ ವೇಗ ಸರಿ. ಮಾತು ತುಂಡಾದರೆ ನಿಧಾನಿಸಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ಓಡುವವಳ ವೇಗವೇ ಗುಂಪಿನ ವೇಗವಾಗಿರಲಿ.

ಬೂಟನ್ನು ಸಂಜೆ ಹೊತ್ತು ಕೊಳ್ಳಿರಿ; ಆಗ ಪಾದ ಸ್ವಲ್ಪ ಊದಿರುತ್ತದೆ. ಬೆರಳುಗಳ ಮುಂದೆ ಹೆಬ್ಬೆರಳಿನಗಲ ಜಾಗವಿರಲಿ. ಎದೆಗೆ ಭದ್ರವಾದ ಒಳಉಡುಪು ಅಗತ್ಯ. ಇದರಲ್ಲಿ ನಾಚಿಕೆ ಬೇಡ.

ಮನೆಯವರ ಪಾಲು

ಹಿಂದಿನ ರಾತ್ರಿ ಹಿಟ್ಟು ರುಬ್ಬಿಟ್ಟರೆ, ಬೆಳಿಗ್ಗೆ ಇಡ್ಲಿ ಬೇಯಿಸುವುದು ಗಂಡ-ಮಕ್ಕಳಿಗೆ ಬಾರದ ವಿದ್ಯೆಯೇನಲ್ಲ! ವಾರದಲ್ಲಿ ಮೂರು ಬೆಳಗು ನಿಮ್ಮದೆಂದು ಮೊದಲೇ ಹೇಳಿಬಿಡಿ. “ಅವಳು ದೇವಸ್ಥಾನದ ಹತ್ತಿರ ಕಾಯ್ತಿರ್ತಾಳೆ” ಎಂಬ ಒಂದು ಮಾತು, ನಿಮ್ಮ ಸೋಮಾರಿತನಕ್ಕೂ ಮನೆಯವರ ಗೊಣಗಾಟಕ್ಕೂ ಒಳ್ಳೆಯ ಔಷಧಿ.

ಓಟದ ದಿನ

ಎರಡು ಗಂಟೆ ಮೊದಲು ಒಂದು ಬಾಳೆಹಣ್ಣು ಅಥವಾ ಒಂದೆರಡು ಇಡ್ಲಿ ಸಾಕು. ಹೊಸ ಬೂಟು, ಹೊಸ ತಿಂಡಿಯ ಪ್ರಯೋಗ ಅಂದು ಬೇಡ. ಬಾಯಾರಿದಾಗ ಗುಟುಕು ಗುಟುಕಾಗಿ ನೀರು ಕುಡಿಯಿರಿ. ಅತಿಯಾಗಿ ನೀರು ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಅಪಾಯವಾದೀತು. ಮುಗಿದ ಮೇಲೆ ಉಪ್ಪು ಬೆರೆಸಿದ ಮಜ್ಜಿಗೆ, ಆಮೇಲೆ ಹೆಸರುಬೇಳೆ ಕೋಸಂಬರಿಯ ಜೊತೆ ಉಪ್ಪಿಟ್ಟು ಹಿತ.

ಹೊರಡುವ ಮುನ್ನ ಒಂದು ಒಪ್ಪಂದವಾಗಲಿ. ನಡುವೆ ಒಬ್ಬಳಿಗೆ ಆಗದಿದ್ದರೆ ಜೊತೆಗೆ ಯಾರು ನಿಲ್ಲುವುದು? ಮುಂದೆ ಓಡುವ ಆಸೆಯಿದ್ದವರು ಎಲ್ಲಿ ಕಾಯುವುದು? ಇದನ್ನು ಮೊದಲೇ ಮಾತಾಡಿಕೊಂಡರೆ ಸ್ನೇಹದಲ್ಲಿ ಹುಳಿ ಬೀಳದು. ಎದೆನೋವು, ತಲೆಸುತ್ತು, ಕಣ್ಣು ಕತ್ತಲೆ ಬಂದರೆ ಮಾತ್ರ ಹಟ ಬೇಡ: ಕೂಡಲೇ ನಿಂತು ಸಹಾಯ ಕೇಳಬೇಕು, ಗೆಳತಿಯೂ ನಿಲ್ಲಬೇಕು. ಪದಕ ಮುಂದಿನ ವರ್ಷವೂ ಸಿಗುತ್ತದೆ.

ಮಕ್ಕಳ ಪರೀಕ್ಷೆ, ಮನೆಯ ಹಬ್ಬ, ಬೇಸಿಗೆಯ ನೆಂಟರು—ಕಾರಣಗಳು ಎಂದೂ ಮುಗಿಯುವುದಿಲ್ಲ. ಇಂದು ಸಂಜೆ ಹೂವು ಕಟ್ಟುತ್ತಾ ಕುಳಿತಾಗ ಪಕ್ಕದ ಮನೆಯಾಕೆಯನ್ನು ಕೇಳಿ ನೋಡಿ: “ನಾಳೆ ಐದೂವರೆಗೆ ಬರ್ತೀರಾ?”