ಕರಿಕಂಬಳಿ ಯಾರ ಹೆಗಲಿಗೆ?

ಭರತ ಹುಣ್ಣಿಮೆ ಆದ ಮೂರನೆಯ ದಿನ ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋದವರಿಗೆ ಈ ನೋಟ ಹೊಸದಲ್ಲ. ಸಂಜೆ ಹೊತ್ತು. ಡೆಂಕಣ ಮರಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಉಪವಾಸದಲ್ಲಿ ಬಡಕಲಾದ ಒಬ್ಬ ಗೊರವಯ್ಯ ಎತ್ತರದ ಬಿಲ್ಲನ್ನೇರಿ ತುದಿಯಲ್ಲಿ ನಿಂತು ‘ಸದ್ದಲೇ’ ಎನ್ನುತ್ತಾನೆ. ಅಷ್ಟೂ ಜನ ಗಪ್‌ಚಿಪ್. ಒಂದೇ ಒಂದು ಸಾಲು ನುಡಿದು, ‘ಪರಾಕ್’ ಎಂದು ಕೈಬಿಟ್ಟು ಕೆಳಗೆ ಬೀಳುತ್ತಾನೆ. ಕೆಳಗೆ ನಿಂತ ಗೊರವರು ಕಂಬಳಿಯಲ್ಲಿ ಹಿಡಿದುಕೊಳ್ಳುತ್ತಾರೆ.

ಅಲ್ಲಿಂದ ಶುರು ಅರ್ಥ ಹೇಳುವವರ ಕಾಟ. ಈ ಸಲ ಮಳೆ ಚಲೋ ಎನ್ನುವವರು ಒಬ್ಬರು, ಮಂತ್ರಿಮಂಡಲ ಉರುಳುತ್ತದೆ ಎನ್ನುವವರು ಇನ್ನೊಬ್ಬರು. ನುಡಿಯನ್ನು ಹೀಗೆ ಹಿಂಜುವ ಜನ, ನುಡಿದವನು ಗೊರವನಾದದ್ದು ಹೇಗೆ, ಅವನನ್ನು ಗೊರವನನ್ನಾಗಿ ಒಪ್ಪಿದವರು ಯಾರು ಎಂದು ಕೇಳುವುದು ಕಡಿಮೆ. ಕೇಳಬೇಕಾದ ಪ್ರಶ್ನೆ ಅದೇ.

ಗೊರವರದು ಬಹಳ ಹಳೆಯ ಬಳಗ. ಕನ್ನಡದ ಹಳೆಯ ಶಾಸನಗಳಲ್ಲಿ ಶೈವ ತಪಸ್ವಿಗಳಿಗೆ ‘ಗೊರವ’ ಎಂಬ ಹೆಸರೇ ಇದೆ. ಇಂದಿನ ಗೊರವಯ್ಯ ಮೈಲಾರಲಿಂಗನ ಒಕ್ಕಲು. ಮಹಾರಾಷ್ಟ್ರದಲ್ಲಿ ಇದೇ ದೇವರು ಖಂಡೋಬ. ಜೇಜುರಿಯ ಗುಡ್ಡದಲ್ಲಿ ಅವನ ಭಕ್ತರಿಗೆ ವಾಘ್ಯಾ ಎನ್ನುತ್ತಾರೆ. ಅಲ್ಲೂ ಅರಿಶಿನದ ಭಂಡಾರ, ಇಲ್ಲೂ ಅರಿಶಿನದ ಭಂಡಾರ. ಜರ್ಮನಿಯ ವಿದ್ವಾಂಸ ಸೋಂಥೈಮರ್ ಈ ದೇವರ ಬೆನ್ನುಹತ್ತಿ ವರ್ಷಗಟ್ಟಲೆ ಊರೂರು ತಿರುಗಿದರು. ನಮ್ಮ ಕೂಡ್ಲಿಗಿ, ಕೊಟ್ಟೂರು ಕಡೆ ಡಮರುಗದ ಸದ್ದು ಕೇಳಿದರೆ ಮನೆಯವರು ಮೊರದಲ್ಲಿ ಜೋಳ ಹಿಡಿದು ಬಾಗಿಲಿಗೆ ಬರುತ್ತಾರೆ, ಅಷ್ಟೇ. ಯಾರು, ಎಲ್ಲಿಯವ ಎಂಬ ವಿಚಾರಣೆ ಇಲ್ಲ.

ಹಾಗಾದರೆ ಗೊರವ ಆಗುವವನು ಯಾರು? ಕುರುಬರೇ ಹೆಚ್ಚು, ನಿಜ. ಆದರೆ ಬೇರೆ ಜಾತಿಯವರಿಗೆ ಬಾಗಿಲು ಮುಚ್ಚಿಲ್ಲ. ದಾರಿ ಮುಖ್ಯವಾಗಿ ಎರಡು. ಒಂದು ಮನೆತನ: ಅಪ್ಪ ಗೊರವ, ಅವನ ನಂತರ ಮಕ್ಕಳಲ್ಲಿ ಒಬ್ಬ. ಇನ್ನೊಂದು ಹರಕೆ: ಮಗು ಉಳಿಯಲಿಲ್ಲ, ಮಗುವಿಗೆ ಜಡ್ಡು ಬಿಡಲಿಲ್ಲ, ತಾಯಿ ಮೈಲಾರನಿಗೆ ಕೈಮುಗಿದು ‘ಉಳಿಸಿಕೊಡಪ್ಪಾ, ನಿನಗ ಬಿಡ್ತೀನಿ’ ಅಂದಳು. ಮಗು ಉಳಿಯಿತು. ಮಾತು ಉಳಿಸಿಕೊಳ್ಳಬೇಕಲ್ಲ!

ದೀಕ್ಷೆಗೆ ದೊಡ್ಡ ಖರ್ಚಿಲ್ಲ. ಗುರು ಕಂಬಳಿ ಮೇಲೆ ಕೂರಿಸಿ, ಭಂಡಾರ ಹಚ್ಚಿ, ಕವಡೆ ಸರ ಹಾಕಿ, ಕೈಗೆ ದೋಣಿ ಕೊಡುತ್ತಾನೆ. ದೋಣಿ ಅಂದರೆ ಹೊಳೆ ದಾಟುವುದಲ್ಲ, ಭಿಕ್ಷಾಪಾತ್ರೆ. ಜೊತೆಗೆ ಡಮರುಗ, ಕೊಳಲು, ತ್ರಿಶೂಲ, ಕರಿಕಂಬಳಿ. ಹಿಂದೆ ಭಂಡಾರದ ಚೀಲ ಹುಲಿಚರ್ಮದ್ದೂ ಇರುತ್ತಿತ್ತು; 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಮಾತಾಡುವ ವಿಷಯವಲ್ಲ. ಸರ್ಟಿಫಿಕೇಟ್ ಇಲ್ಲ, ಪರೀಕ್ಷೆ ಇಲ್ಲ.

ಮೇಲುನೋಟಕ್ಕೆ ಇದು ಅಗ್ಗದ ವ್ಯವಹಾರ ಅನ್ನಿಸೀತು. ಹಾಗಲ್ಲ. ಗೊರವನ ಪರೀಕ್ಷೆ ದೀಕ್ಷೆಯ ದಿನ ನಡೆಯುವುದಿಲ್ಲ, ಅಲ್ಲಿಂದ ಮುಂದೆ ನಡೆಯುತ್ತದೆ. ಭಾನುವಾರ ಮೈಲಾರನ ವಾರ. ಆವತ್ತು ಭಿಕ್ಷೆಗೆ ಹೋದನೋ ಇಲ್ಲವೋ, ಊರು ನೋಡುತ್ತದೆ. ಭಿಕ್ಷೆಯ ಜೋಳ ಹೆಂಡದಂಗಡಿಗೆ ಹೋಯಿತೋ, ಅದನ್ನೂ ನೋಡುತ್ತದೆ. ಮನೆಯಲ್ಲಿ ದೋಣಿ ತುಂಬಿಸಿದಾಗ ಇದೇ ಗೊರವರು ಮೈಲಾರನ ನಾಯಿಗಳಾಗಿ ಬೊಗಳುತ್ತಾ, ದೋಣಿಗೆ ಬಾಯಿ ಹಾಕಿ ಹಾಲು ಬಾಳೆಹಣ್ಣು ತಿನ್ನಬೇಕು. ಹೊಲ ಇರಲಿ, ಟ್ರ್ಯಾಕ್ಟರ್ ಇರಲಿ, ಮಗ ಇಂಜಿನಿಯರ್ ಇರಲಿ. ಊರ ಜನರ ಎದುರು ನೆಲಕ್ಕೆ ಬಗ್ಗಿ ನಾಯಿ ಆಗಬೇಕು. ನಾಚಿಕೆ ಬಿಡುವುದು ಸುಲಭವೇ? ದೊಡ್ಡಸ್ತಿಕೆ ಇದ್ದವನು ಇಲ್ಲೇ ಉದುರಿ ಹೋಗುತ್ತಾನೆ. ಬೇರೆ ಜರಡಿ ಬೇಕಾಗಿಯೇ ಇಲ್ಲ.

ಕಾರಣಿಕದ ಬಿಲ್ಲು ಏರುವವನ ಮಾತಂತೂ ಇನ್ನೂ ಬಿಗಿ. ಹನ್ನೊಂದು ದಿನ ಉಪವಾಸ ವ್ರತ. ಹಸಿದ ಹೊಟ್ಟೆಯಲ್ಲಿ ಬಿಲ್ಲಿನ ತುದಿಗೆ ಹೋಗಿ ಕೈಬಿಡಬೇಕು. ವೇಷ ಹಾಕಿದ ಮಾತ್ರಕ್ಕೆ ಇದು ಆಗುವ ಕೆಲಸವಲ್ಲ.

ವೇಷದವರೂ ಇದ್ದಾರೆ ಅನ್ನಿ. ಹರಪನಹಳ್ಳಿ ಬಸ್‌ಸ್ಟ್ಯಾಂಡೋ ಹಗರಿಬೊಮ್ಮನಹಳ್ಳಿ ಸಂತೆಯೋ, ಡಮರುಗ ಅಲ್ಲಾಡಿಸಿ ಹಣೆಗೆ ಭಂಡಾರ ಬಳಿದು ಹತ್ತು ರೂಪಾಯಿ ಕೇಳುವವರು ಎಲ್ಲಿ ಬೇಕಾದರೂ ಸಿಗುತ್ತಾರೆ. ಗುರು ಯಾರಪ್ಪಾ, ದೀಕ್ಷೆ ಎಲ್ಲಾತು ಅಂದರೆ ಮುಂದಿನ ಬಸ್ಸಿನ ಕಡೆ ನಡೆಯುತ್ತಾರೆ. ಇವರಿಂದ ಬಳಗಕ್ಕೆ ಕೆಟ್ಟ ಹೆಸರು, ನಷ್ಟ ಅಷ್ಟೇನಿಲ್ಲ.

ನಿಜವಾದ ಗಂಟು ಇರುವುದು ಹರಕೆಯಲ್ಲಿ. ಹುಟ್ಟುವ ಮೊದಲೇ ಮಾತು ಕೊಟ್ಟಾಗಿರುತ್ತದೆ. ಹುಡುಗ ಬೆಳೆದು ಹೊಸಪೇಟೆಯಲ್ಲೋ ಬೆಂಗಳೂರಲ್ಲೋ ಹಾಸ್ಟೆಲಿನಲ್ಲಿದ್ದಾನೆ. ಇತ್ತ ಅವ್ವನಿಗೆ ನಿದ್ದೆ ಇಲ್ಲ. ಇಂಥ ಮನೆಗಳಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಒಂದೇ:

‘ಒಲ್ಲೆ ಅಂತಾನ್ರಿ ಅಜ್ಜಾ. ದೇವರು ಸಿಟ್ಟಾದ್ರ ಏನ್ ಮಾಡ್ಲಿ?’

‘ಒಲ್ಲದವ್ನಿಗೆ ಕಂಬಳಿ ಹೊದಿಸಿದ್ರ ಕಂಬಳಿಗೇ ಅವಮಾನ ಯವ್ವಾ. ಜಾತ್ರಿಗೆ ಕರ್ಕೊಂಡು ಬಾ, ನೋಡ್ಲಿ. ಮನಸಾದ್ರ ಅವ್ನ ಕೇಳ್ತಾನ.’

ಎಲ್ಲ ಹಿರಿಯರೂ ಇಷ್ಟು ಮೆತ್ತಗೆ ಇರುವುದಿಲ್ಲ. ಕಾಡುತ್ತಾನೆ, ಕಣ್ಣು ಹೋದೀತು ಎಂದು ಹೆದರಿಸುವವರೂ ಉಂಟು. ಹೆದರಿ ಬಂದವನು ಜಾತ್ರೆಯ ನಾಲ್ಕು ದಿನ ಕಂಬಳಿ ಹಾಕಿ ಐದನೆಯ ದಿನ ಬಿಚ್ಚಿಡುತ್ತಾನೆ.

ಈ ಭಾಗದಲ್ಲಿ ಹರಕೆಯ ಮಾತು ಹಗುರವಾಗಿ ಆಡುವಂಥದ್ದಲ್ಲ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯ ವಿರುದ್ಧ ರಾಜ್ಯ ಸರ್ಕಾರ 1982ರಲ್ಲಿ ಕಾಯ್ದೆ ಮಾಡಿತು. ಅದರ ಅಗತ್ಯ ಏನಿತ್ತೆಂದು ಕೂಡ್ಲಿಗಿ, ಹರಪನಹಳ್ಳಿಯವರಿಗೆ ಯಾರೂ ತಿಳಿಸಿ ಹೇಳಬೇಕಿಲ್ಲ. ಗೊರವನ ಸಂಗತಿ ಬೇರೆ. ಅವನಿಗೆ ಮದುವೆ ಉಂಟು, ಮಕ್ಕಳುಂಟು, ಹೊಲಮನೆ ಉಂಟು, ಮರ್ಯಾದೆಯೂ ಉಂಟು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಆದರೂ ಒಂದು ಕಡೆ ಎರಡೂ ಸಮ: ಯಾರನ್ನು ಕೊಟ್ಟರೋ ಅವರನ್ನು ಯಾರೂ ಕೇಳಿರಲಿಲ್ಲ.

ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆ, 2021ರಿಂದ ವಿಜಯನಗರ ಜಿಲ್ಲೆ. ಬೋರ್ಡುಗಳು ಬದಲಾಗಿವೆ, ಮೈಲಾರಕ್ಕೆ ಹೋಗುವ ಚಕ್ಕಡಿ ಸಾಲಿನ ನಡುವೆ ಕಾರುಗಳೂ ಸೇರಿವೆ. ಮನೆಗೊಬ್ಬ ಗೊರವ ಇದ್ದ ಮನೆತನಗಳಲ್ಲಿ ಅಜ್ಜನ ಕಂಬಳಿ ಗೂಟಕ್ಕೆ ನೇತುಬಿದ್ದಿರುವುದೂ ಕಾಣುತ್ತದೆ. ಮೊಮ್ಮಗನ ಪಗಾರ ಚಲೋ ಇದೆ, ರಜೆ ಮಾತ್ರ ಸಿಗುವುದಿಲ್ಲ.

ಸಂಖ್ಯೆ ಕಡಿಮೆಯಾಯಿತೆಂದು ಸಿಕ್ಕವರಿಗೆಲ್ಲ ಕವಡೆ ಕಟ್ಟಿದರೆ ಆಗುವ ಕೇಡು ಏನೆಂದು ಹಳಬರಿಗೆ ಗೊತ್ತು. ಡೆಂಕಣ ಮರಡಿಯಲ್ಲಿ ಒಬ್ಬ ಕೈಬಿಟ್ಟು ಬೀಳುವಾಗ ಕೆಳಗೆ ಕಂಬಳಿ ಹಿಡಿದವರ ಕಣ್ಣು ಮೇಲೇ ಇರಬೇಕು, ಜೇಬಿನ ಫೋನಿನ ಮೇಲಲ್ಲ. ಅಜ್ಜನ ಕಂಬಳಿಯನ್ನು ಗೂಟದಿಂದ ಇಳಿಸಿ ಬಿಸಿಲಿಗೆ ಹಾಕುವ ಕೆಲಸ ಮಾಘ ಮಾಸ ಹತ್ತಿರ ಬಂದಾಗ ಹಲವು ಮನೆಗಳಲ್ಲಿ ಈಗಲೂ ನಡೆಯುತ್ತದೆ. ಹೊದೆಯುವವನು ರಾತ್ರಿ ಬಸ್ಸಿಗೆ ಬರುತ್ತಾನೋ ಇಲ್ಲವೋ ಎಂದು ಮನೆಯವರು ಬಾಗಿಲಲ್ಲಿ ಕೂತಿರುತ್ತಾರೆ.